ಮುರುಡೇಶ್ವರವೋ, ಹ್ಯಾವ್ಲಾಕೋ?

ಸಣ್ಣ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಸಮುದ್ರದೊಳಗೆ ಇಳಿಯುವ) ತಂಡದಲ್ಲಿ ಮೊದಲ ಕೆಲಸ, ಎರಡೂ ಕಡೆ ಕರೆದಿದ್ದಾರೆ, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ.

ಮೊದಲು ಮಳೆಗಾಲದ ಲೆಕ್ಕ ಹಾಕಿ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ, ಡೈವಿಂಗ್ ನಡೆಯುವ ನೇತ್ರಾಣಿ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ಸಂಬಳ ಉಂಟಾ? ಸೇರುವ ಮೊದಲೇ ಕೇಳಿ, ನಾಚಿಕೆ ಬೇಡ. ಅಂಡಮಾನಿನ ಹ್ಯಾವ್ಲಾಕ್‌ನಲ್ಲೂ (2018ರಿಂದ ಸ್ವರಾಜ್ ದ್ವೀಪ) ಆಗ ಕೆಲಸ ಇಳಿಯುತ್ತದೆ, ಆದರೆ ಪೂರ್ತಿ ನಿಲ್ಲುವುದು ಕಡಿಮೆ.

ಖರ್ಚು ಹ್ಯಾವ್ಲಾಕ್‌ನಲ್ಲೇ ಜಾಸ್ತಿ. ಊಟ, ರೂಮು ತಂಡದವರೇ ಕೊಟ್ಟರೆ ಸರಿಹೋಗುತ್ತದೆ. ಮುರುಡೇಶ್ವರದಿಂದಾದರೆ ರೈಲು ಹತ್ತಿ ಊರಿಗೆ ಬರಬಹುದು.

ಪ್ಯಾಡಿ (PADI) ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಡೈವ್‌ಮಾಸ್ಟರ್, ಅಂದರೆ ಡೈವಿಂಗ್ ಗೈಡ್, ಆಗಲು ಕನಿಷ್ಠ 60 ಡೈವ್ ಬೇಕು. ಹ್ಯಾವ್ಲಾಕ್‌ನಲ್ಲಿ ಕೋರ್ಸ್ ಮಾಡುವವರು ಹೆಚ್ಚು, ನೋಡಿ ಕಲಿಯುವುದೂ ಹೆಚ್ಚು. ನೇತ್ರಾಣಿಗೆ ಬರುವವರಲ್ಲಿ ಬಹಳಷ್ಟು ಜನ ಮೊದಲ ಸಲ ನೀರಿಗಿಳಿಯುವವರು, ಈಜು ಬಾರದವರೂ ಇರುತ್ತಾರೆ. ಹೆದರಿದವರಿಗೆ ಕನ್ನಡದಲ್ಲಿ ಧೈರ್ಯ ಹೇಳಬಲ್ಲವರಿಗೆ ಅಲ್ಲಿ ಬೆಲೆ ಇದೆ.

ಸಿಲಿಂಡರ್ ಹೊರುವುದು, ಸೂಟು ತೊಳೆಯುವುದು ಎರಡೂ ಕಡೆ ಹೊಸಬರ ಪಾಲಿಗೇ ಬರುತ್ತದೆ.

ಸರ್ಟಿಫಿಕೇಟ್ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ, ಒಂದು ಸೀಸನ್ ನೋಡೋಣ ಅನ್ನುವವರಿಗೆ ಮುರುಡೇಶ್ವರ. ಇದರಲ್ಲೇ ಇನ್‌ಸ್ಟ್ರಕ್ಟರ್ ಆಗಬೇಕು, ಮನೆ ಬಿಟ್ಟಿರಲು ತೊಂದರೆ ಇಲ್ಲ ಅನ್ನುವವರಿಗೆ ಹ್ಯಾವ್ಲಾಕ್.