ಮನೆಯಲ್ಲಿ ಗುಂಡು ರೀಲೋಡ್ ಮಾಡಲು ಸಾಮಗ್ರಿ: ಕ್ಲಬ್ಬು, ಅಂಗಡಿ, ಆನ್‌ಲೈನ್, ಗನ್ ಶೋ

ಹಾರಿಸಿದ ಗುಂಡಿನ ಖಾಲಿ ಕೇಸನ್ನು ಮತ್ತೆ ತುಂಬಿ ಹೊಸ ಗುಂಡು ಮಾಡಿಕೊಳ್ಳುವುದೇ ರೀಲೋಡಿಂಗ್. ಅದರ ಸಾಮಗ್ರಿಯನ್ನು ಶೂಟಿಂಗ್ ಕ್ಲಬ್ಬಿನ ಗೆಳೆಯರೆಲ್ಲ ಸೇರಿ ಒಂದೇ ಆರ್ಡರಿನಲ್ಲಿ ತರಿಸಿಕೊಳ್ಳುವುದಕ್ಕಿಂತ ಅಗ್ಗದ ದಾರಿಯನ್ನು ನಾನು ಕಂಡಿಲ್ಲ. ಊರಿನ ಬಂದೂಕಿನ ಅಂಗಡಿಗೆ ಎರಡನೆಯ ಸ್ಥಾನ, ಒಬ್ಬರೇ ಆನ್‌ಲೈನಿನಲ್ಲಿ ತರಿಸಿಕೊಳ್ಳುವುದಕ್ಕೆ ಮೂರನೆಯದು, ಬಂದೂಕು ಮಾರುವವರ ಸಂತೆಯಾದ ಗನ್ ಶೋಗೆ ಕೊನೆಯದು. ಅಮೆರಿಕದ ಓಹಾಯೋದಲ್ಲಿದ್ದುಕೊಂಡು .223 ಅಳತೆಯ ಗುಂಡಿನ ರೈಫಲಿನಲ್ಲಿ 200 ಗಜದ ಕ್ಲಬ್ ಸ್ಪರ್ಧೆಗಳಿಗೆ ಹೋಗುವವನಾಗಿ, ನಾಲ್ಕನ್ನೂ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಇಲ್ಲಿ ಸ್ವಂತ ಬಳಕೆಯ ಗುಂಡನ್ನು ಮನೆಯಲ್ಲಿ ತಯಾರಿಸಿಕೊಳ್ಳಲು ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರುವುದಕ್ಕೆ ತಯಾರಿಸಿದರೆ ಬೇಕು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧವಾದ್ದರಿಂದ, ಊರಿನ ಓದುಗರು ಇದನ್ನು ಅಮೆರಿಕದ ಸಂಗತಿಯೆಂದೇ ತಿಳಿಯಬೇಕು.

ಬೇಕಾಗುವ ಸಾಮಾನು ನಾಲ್ಕೇ: ಎಲ್ಲವನ್ನೂ ಹಿಡಿದಿಡುವ ಹಿತ್ತಾಳೆಯ ಕೇಸು, ಅದರ ಬುಡದಲ್ಲಿ ಕೂತು ಕಿಡಿ ಹುಟ್ಟಿಸುವ ಪ್ರೈಮರ್, ಉರಿಯುವ ಪೌಡರ್ ಮತ್ತು ತುದಿಯಿಂದ ಹಾರಿಹೋಗುವ ಬುಲೆಟ್. ಇವುಗಳಲ್ಲಿ ಕೇಸು ಮತ್ತು ಬುಲೆಟ್ ಬರೀ ಲೋಹವಾದ್ದರಿಂದ ಸಾಧಾರಣ ಅಂಚೆಯಲ್ಲಿ ಬರುತ್ತವೆ. ಪ್ರೈಮರ್ ಮತ್ತು ಪೌಡರ್ ಅಪಾಯಕಾರಿ ಸರಕಿನ ಪಟ್ಟಿಗೆ ಸೇರಿರುವುದರಿಂದ ಅವುಗಳ ಮೇಲೆ ಹ್ಯಾಜ್‌ಮ್ಯಾಟ್ ಶುಲ್ಕ ಬೀಳುತ್ತದೆ. ಅಗ್ಗದ ಲೆಕ್ಕವೆಲ್ಲ ತಲೆಕೆಳಗಾಗುವುದು ಈ ಶುಲ್ಕದಿಂದಲೇ. ಶುಲ್ಕ 30 ಡಾಲರ್ ಇದೆಯೆಂದು ಹಿಡಿಯೋಣ. 1,000 ಪ್ರೈಮರಿನ ಒಂದು ಬ್ರಿಕ್ಕನ್ನಷ್ಟೇ ತರಿಸಿದರೆ ಪ್ರತಿ ಪ್ರೈಮರಿನ ಮೇಲೆ 3 ಸೆಂಟ್ ಹೆಚ್ಚುವರಿ ಬೀಳುತ್ತದೆ. ಅದೇ ಶುಲ್ಕ 10,000 ಪ್ರೈಮರಿನ ಮೇಲೆ ಹಂಚಿಹೋದರೆ ಒಂದಕ್ಕೆ ಸೆಂಟಿನ ಮೂರನೆಯ ಒಂದು ಭಾಗವೂ ಆಗುವುದಿಲ್ಲ. 2020ಕ್ಕೆ ಮೊದಲು 1,000 ಪ್ರೈಮರಿಗೆ 30 ಡಾಲರಿನ ಆಸುಪಾಸು ಕೊಡುತ್ತಿದ್ದ ನಾವು, ಅಭಾವದ ಕಾಲದಲ್ಲಿ ನೂರು ಡಾಲರ್ ದಾಟಿದ ಬೆಲೆಯನ್ನೂ ನೋಡಿದ್ದೇವೆ. ಬೆಲೆ ಈಗ ಇಳಿದಿದೆಯಾದರೂ ಹಳೆಯ ಮಟ್ಟಕ್ಕೆ ಬಂದಿಲ್ಲ. ಹೀಗಿರುವಾಗ ಶುಲ್ಕವನ್ನು ಹಂಚಿಕೊಳ್ಳುವುದು ಸಣ್ಣ ಉಳಿತಾಯವಲ್ಲ.

ಕ್ಲಬ್ಬಿನ ಆರ್ಡರಿಗೂ ತನ್ನದೇ ಶಿಸ್ತು ಬೇಕು. ಎಂಟು ಪೌಂಡಿನ ಪೌಡರ್ ಡಬ್ಬಿ ಅಗ್ಗವೆಂದು ಅದನ್ನು ತರಿಸಿ ಹಂಚಿಕೊಳ್ಳುವಂತಿಲ್ಲ, ಏಕೆಂದರೆ ಪೌಡರ್ ಯಾವಾಗಲೂ ಕಂಪನಿಯ ಮೂಲ ಡಬ್ಬಿಯಲ್ಲೇ ಇರಬೇಕು. ಆದ್ದರಿಂದ ನಾವು ಒಂದೊಂದು ಪೌಂಡಿನ ಮುಚ್ಚಿದ ಡಬ್ಬಿಗಳನ್ನೇ ತರಿಸುತ್ತೇವೆ ಮತ್ತು ಎಲ್ಲವೂ ಒಂದೇ ಲಾಟ್ ಸಂಖ್ಯೆಯವಾಗಿರಲಿ, ಅಂದರೆ ಕಾರ್ಖಾನೆಯಲ್ಲಿ ಒಂದೇ ಕಂತಿನಲ್ಲಿ ತಯಾರಾದವಾಗಿರಲಿ ಎಂದು ಮೊದಲೇ ಕೇಳಿಕೊಳ್ಳುತ್ತೇವೆ. ಒಂದು ಪೌಂಡ್ ಎಂದರೆ 7,000 ಗ್ರೇನ್. .223ರ ಗುಂಡೊಂದಕ್ಕೆ 24 ಗ್ರೇನ್ ಎಂದು ಬರೀ ಖರ್ಚಿನ ಅಂದಾಜಿಗೆ ಹಿಡಿದರೂ ಡಬ್ಬಿಯೊಂದರಿಂದ 290 ಗುಂಡು ಹೊರಡುತ್ತವೆ. ನಿಜವಾದ ಪ್ರಮಾಣವನ್ನು ಮಾತ್ರ ಪೌಡರ್ ಕಂಪನಿ ಅಥವಾ ಬುಲೆಟ್ ಕಂಪನಿ ಪ್ರಕಟಿಸಿದ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ಇನ್ನು, ಅಮೆರಿಕದ ಅಗ್ನಿಸುರಕ್ಷಾ ಸಂಹಿತೆ ಎನ್‌ಎಫ್‌ಪಿಎ 495ರಲ್ಲಿ ಮನೆಯೊಂದಕ್ಕೆ 10,000 ಪ್ರೈಮರಿನ ಮಿತಿ ಇರುವುದರಿಂದ, ಯಾರ ಮನೆಗೆ ಸರಕು ಬರುತ್ತದೆಯೋ ಅಲ್ಲಿಂದ ಉಳಿದವರು ಅಂದೇ ಸಂಜೆ ತಮ್ಮ ಪಾಲನ್ನು ಒಯ್ಯುವುದು ನಮ್ಮಲ್ಲಿ ನಿಯಮವಾಗಿದೆ. ಕಾಯುವುದು ಅನಿವಾರ್ಯ; ಎಲ್ಲರೂ ಒಂದೇ ಬ್ರಾಂಡನ್ನು ಒಪ್ಪುವವರೆಗೆ ಆರ್ಡರ್ ಹೊರಡುವುದೇ ಇಲ್ಲ.

ಅಂಗಡಿಯಲ್ಲಿ ಡಬ್ಬಿಯೊಂದಕ್ಕೆ ಕೆಲವು ಡಾಲರ್ ಹೆಚ್ಚು, ಜೊತೆಗೆ ಮಾರಾಟ ತೆರಿಗೆ. ಆದರೆ ಹ್ಯಾಜ್‌ಮ್ಯಾಟ್ ಇಲ್ಲ, ಕಾಯುವುದೂ ಇಲ್ಲ. ಹೊಸ ಪೌಡರೊಂದನ್ನು ಪರೀಕ್ಷಿಸಲು ಒಂದೇ ಪೌಂಡ್ ಬೇಕಾದಾಗ ಅಂಗಡಿಯೇ ಸರಿ.

ಗನ್ ಶೋದಲ್ಲಿ ನಾನು ಬುಲೆಟ್ ಬಿಟ್ಟು ಬೇರೇನನ್ನೂ ಕೊಳ್ಳುವುದಿಲ್ಲ. ಸೀಲ್ ಒಡೆದ ಪೌಡರ್ ಡಬ್ಬಿಯಲ್ಲಿ ಏನಿದೆಯೆಂದು ಹೊರಗಿನಿಂದ ಹೇಳಬಲ್ಲವರು ಯಾರೂ ಇಲ್ಲ.

ಕೇಸಿನ ವಿಷಯ ಬೇರೆ. ಅಂಚೆಯಲ್ಲಿ ಸಲೀಸಾಗಿ ಬರುತ್ತದೆ ಎಂಬ ಕಾರಣಕ್ಕೆ ಆನ್‌ಲೈನೇ ಅಗ್ಗವಿರಬೇಕೆಂದು ಯಾರಿಗಾದರೂ ತೋರುತ್ತದೆ. ಒಮ್ಮೆ ಹಾರಿಸಿದ .223 ಮತ್ತು ಅದರ ಸೇನಾ ರೂಪವಾದ 5.56 ಕೇಸುಗಳ ದೊಡ್ಡ ಚೀಲವೊಂದನ್ನು ಮಾರಾಟಗಾರನೊಬ್ಬನಿಂದ ತರಿಸಿದೆ. ತೊಳೆದು, ಸಂಸ್ಕರಿಸಿ, ಲೋಡ್ ಮಾಡಲು ಸಿದ್ಧಪಡಿಸಿದ್ದು ಎಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಂದ ಕೇಸುಗಳು ಫಳಫಳ ಹೊಳೆಯುತ್ತಿದ್ದವು. ಬುಡವನ್ನು ತಿರುಗಿಸಿ ನೋಡಿದರೆ ಬಹುಪಾಲಿನ ಮೇಲೆ ಎಲ್‌ಸಿ ಅಕ್ಷರ, ಪಕ್ಕದಲ್ಲಿ ಎರಡಂಕಿಯ ಇಸವಿ, ಮತ್ತು ವೃತ್ತದೊಳಗೆ ಕೂಡಿಸುವ ಚಿಹ್ನೆಯಂತಿರುವ ನೇಟೋ ಗುರುತು. ಅಂದರೆ ಮಿಸ್ಸೌರಿಯ ಇಂಡಿಪೆಂಡೆನ್ಸ್‌ನಲ್ಲಿರುವ ಲೇಕ್ ಸಿಟಿ ಸೇನಾ ಕಾರ್ಖಾನೆಯ ಕೇಸುಗಳು. ಹಿತ್ತಾಳೆ ಉತ್ತಮವಾದದ್ದೇ. ತೊಡಕು ಇರುವುದು ಕ್ರಿಂಪಿನಲ್ಲಿ.

ಸೇನೆಯ ಗುಂಡುಗಳಲ್ಲಿ ಪ್ರೈಮರ್ ಸಡಿಲವಾಗಿ ಹೊರಬಿದ್ದು ಮೆಷಿನ್ ಗನ್ ಸಿಕ್ಕಿಕೊಳ್ಳಬಾರದೆಂದು, ಪ್ರೈಮರ್ ಕೂರಿಸಿದ ಮೇಲೆ ಅದರ ಸುತ್ತಲಿನ ಹಿತ್ತಾಳೆಯನ್ನು ಒತ್ತಿ ಒಳಕ್ಕೆ ಬಾಗಿಸಿರುತ್ತಾರೆ; ಇದೇ ಕ್ರಿಂಪ್. ಹಳೆಯ ಪ್ರೈಮರನ್ನು ಪ್ರೆಸ್ಸಿಗೆ (ರೀಲೋಡಿಂಗಿನ ಒತ್ತುಯಂತ್ರಕ್ಕೆ) ಹಾಕುವ ಡೈ ಎಂಬ ಅಚ್ಚಿನ ಸೂಜಿ ಹೇಗೋ ತಳ್ಳಿ ಹಾಕುತ್ತದೆ, ಆದರೆ ಬಾಗಿದ ಅಂಚು ಹಾಗೆಯೇ ಉಳಿಯುತ್ತದೆ. ಹೊಸ ಪ್ರೈಮರ್ ಕೂರಿಸಲು ಪ್ರೆಸ್ಸಿನ ಹಿಡಿಯನ್ನು ಒತ್ತಿದಾಗ ಅದು ಅಂಚಿಗೆ ತಾಗಿ ನಿಲ್ಲುತ್ತದೆ. ಸ್ವಲ್ಪ ಬಲ ಹಾಕಿದರೆ ಓರೆಯಾಗಿ, ಪ್ರೈಮರಿನ ಬಟ್ಟಲಿನಂಥ ಹೊರಕವಚದ ಒಂದು ಪಕ್ಕ ಜಜ್ಜಿಹೋಗುತ್ತದೆ. ಇಲ್ಲಿ ಬಲ ಪ್ರಯೋಗಿಸುವುದು ಅಪಾಯ, ಪ್ರೈಮರ್ ಕೈಯಲ್ಲೇ ಸಿಡಿಯಬಹುದು. ಹೇಗೋ ಕೂತರೂ ಬುಡದ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲೆ ಉಳಿದರೆ ಇನ್ನೂ ದೊಡ್ಡ ಅಪಾಯ: ಎಆರ್-15 ಮಾದರಿಯ ರೈಫಲಿನಲ್ಲಿ ಪ್ರೈಮರಿಗೆ ಬಡಿಯುವ ಫೈರಿಂಗ್ ಪಿನ್ನನ್ನು ತಡೆಯುವ ಸ್ಪ್ರಿಂಗ್ ಇಲ್ಲದ ಕಾರಣ, ಗುಂಡನ್ನು ನಳಿಗೆಯೊಳಕ್ಕೆ ತಳ್ಳುವ ಬೋಲ್ಟ್ ಮುಚ್ಚಿಕೊಳ್ಳುವಾಗಲೇ ಗುಂಡು ಹಾರಿಬಿಡಬಹುದು. ಆದ್ದರಿಂದ ಪ್ರತಿ ಕೇಸಿನ ಬುಡದ ಮೇಲೂ ಬೆರಳಾಡಿಸಿ, ಪ್ರೈಮರ್ ಮಟ್ಟಕ್ಕಿಂತ ಸ್ವಲ್ಪ ಕೆಳಗೇ ಇದೆಯೆಂದು ಖಚಿತ ಮಾಡಿಕೊಳ್ಳದೆ ಮುಂದಿನ ಹಂತಕ್ಕೆ ಹೋಗಬಾರದು.

ಕ್ರಿಂಪ್ ತೆಗೆಯಲು ಎರಡು ಉಪಾಯಗಳಿವೆ. ಸ್ವೇಜರ್ ಎಂಬ ಉಪಕರಣ ಬಾಗಿದ ಹಿತ್ತಾಳೆಯನ್ನು ಒತ್ತಿ ಹಿಂದಕ್ಕೆ ಸರಿಸುತ್ತದೆ. ರೀಮರ್ ಅದನ್ನು ಕೆರೆದು ತೆಗೆಯುತ್ತದೆ. ಕೈಯಲ್ಲಿ ತಿರುಗಿಸುವ ರೀಮರ್ ಬೆಲೆ ಕಡಿಮೆ, ಆದರೆ ನೂರು ಕೇಸಾಗುವಷ್ಟರಲ್ಲಿ ಮಣಿಕಟ್ಟು ಸೋಲುತ್ತದೆ, ಮತ್ತು ಒಂದು ಸುತ್ತು ಹೆಚ್ಚಾದರೂ ಪ್ರೈಮರ್ ನಿಲ್ಲದಷ್ಟು ಬಾಯಿ ಅಗಲವಾಗಿ ಕೇಸು ಗುಜರಿಗೆ ಹೋಗುತ್ತದೆ. ಮೇಜಿಗೆ ಬಿಗಿದು ಬಳಸುವ ಒಳ್ಳೆಯ ಸ್ವೇಜರಿಗೆ ನೂರು ಡಾಲರಿಗಿಂತ ಹೆಚ್ಚು ಕೊಡಬೇಕು. ಚೀಲದಲ್ಲಿ ಉಳಿಸಿದ ಹಣ ಆ ಉಪಕರಣಕ್ಕೇ ಹೋಯಿತು. ಅದೂ ಸಾಲದೆ, ಬೇರೆ ಬೇರೆ ಕಾರ್ಖಾನೆಯ ಕೇಸುಗಳ ಒಳಗಿನ ಜಾಗ ಒಂದೇ ಅಳತೆಯದಲ್ಲ. ದಪ್ಪ ಗೋಡೆಯ ಕೇಸಿನಲ್ಲಿ ಅಷ್ಟೇ ಪೌಡರ್ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಹಾಗಾಗಿ ಬುಡದ ಗುರುತು ನೋಡಿ ಬೇರ್ಪಡಿಸುವ ಕೆಲಸವೂ, 1.760 ಇಂಚಿನ ಗರಿಷ್ಠ ಉದ್ದವನ್ನು ಮೀರಿದವನ್ನು ಟ್ರಿಮ್ ಮಾಡುವ ಕೆಲಸವೂ ನನ್ನ ಪಾಲಿಗೇ ಬಂದವು. ಸಂಸ್ಕರಿಸಿದ್ದು ಎಂಬ ಮಾತಿಗೆ ತೊಳೆದದ್ದು ಎಂಬುದಕ್ಕಿಂತ ಹೆಚ್ಚಿನ ಅರ್ಥವನ್ನು ಆ ಮಾರಾಟಗಾರ ಇಟ್ಟುಕೊಂಡಿರಲಿಲ್ಲ. ಇದು ನನಗೆ ಇಂದಿಗೂ ಅನ್ಯಾಯವೆಂದೇ ಅನಿಸುತ್ತದೆ.

ಕ್ಲಬ್ಬಿನ ಮೈದಾನದಲ್ಲಿ ಸ್ಪರ್ಧೆ ಮುಗಿದ ಮೇಲೆ, ತಮ್ಮ ಕೇಸನ್ನು ಬಿಟ್ಟುಹೋಗುವವರ ಒಪ್ಪಿಗೆ ಪಡೆದು ಆಯ್ದುಕೊಂಡರೆ ಈ ತಾಪತ್ರಯ ಇಲ್ಲ. ಅಂಗಡಿಯ ಗುಂಡು ತಂದು ಹಾರಿಸುವವರ ಕೇಸುಗಳಲ್ಲಿ ಹೆಚ್ಚಿನವು ಕ್ರಿಂಪ್ ಇಲ್ಲದ ನಾಗರಿಕ ಬಳಕೆಯವು, ಯಾವ ರೈಫಲಿನಿಂದ ಬಂದವು ಎಂಬುದೂ ಗೊತ್ತಿರುತ್ತದೆ. ಓಹಾಯೋದಲ್ಲಿ ಇಂಥ ಮೈದಾನಗಳಿಗೆ ಕೊರತೆಯಿಲ್ಲ. 1907ರಿಂದ ರಾಷ್ಟ್ರೀಯ ಸ್ಪರ್ಧೆಗಳು ನಡೆಯುತ್ತ ಬಂದಿರುವ ಕ್ಯಾಂಪ್ ಪೆರಿ ಇರುವುದು ಇಲ್ಲಿಯೇ, ಈರಿ ಸರೋವರದ ದಡದಲ್ಲಿ.

ಬುಲೆಟನ್ನು ಎಲ್ಲಿ ಕೊಂಡರೂ ಹೆಚ್ಚಿನ ವ್ಯತ್ಯಾಸವಿಲ್ಲ. ಸಿಯೆರಾ ಕಂಪನಿಯ 77 ಗ್ರೇನಿನ ಮ್ಯಾಚ್‌ಕಿಂಗ್ ಬುಲೆಟುಗಳನ್ನು ಸ್ಪರ್ಧೆಗೆಂದು ತೆಗೆದಿಟ್ಟು, ಅಭ್ಯಾಸಕ್ಕೆ ಅಗ್ಗದ 55 ಗ್ರೇನಿನವನ್ನು ಬಳಸುತ್ತೇನೆ.

ವಸಂತದಿಂದ ಶರತ್ಕಾಲದವರೆಗೆ ಕ್ರಮವಾಗಿ ಗುರಿ ಹೊಡೆಯುವ, ಚಳಿಗಾಲದಲ್ಲೇ ಮುಂದಿನ ವರ್ಷದ ಗುಂಡುಗಳನ್ನು ಸಿದ್ಧಮಾಡಿಟ್ಟುಕೊಳ್ಳುವ ನನ್ನಂಥವರಿಗೆ ಕ್ಲಬ್ಬಿನ ಆರ್ಡರು ತಡವಾದರೆ ನಷ್ಟವೇನಿಲ್ಲ. ಶರತ್ಕಾಲದಲ್ಲಿ ಹಣ ಕೊಟ್ಟರೆ ಹಿಮ ಬೀಳುವ ವೇಳೆಗೆ ಸರಕು ಕೈಯಲ್ಲಿರುತ್ತದೆ. ವರ್ಷಕ್ಕೆ ಮುನ್ನೂರು, ನಾನೂರು ಗುಂಡಷ್ಟೇ ಹಾರಿಸುವವರು ಅಂಗಡಿಯಿಂದ ಒಂದು ಬ್ರಿಕ್ ಪ್ರೈಮರ್, ಎರಡು ಡಬ್ಬಿ ಪೌಡರ್ ತಂದುಕೊಂಡರೆ ಸಾಕು. ಕೇಸನ್ನು ಮಾತ್ರ ಮೈದಾನದಿಂದಲೇ ಆಯ್ದುಕೊಳ್ಳಲಿ.