ಮೈಎಸ್‌ಕ್ಯೂಎಲ್ 8: ಕ್ವಿಂಟಲ್ ಮೆಣಸಿನಕಾಯಿಗೆ 45 ರೂಪಾಯಿ ತೋರಿಸಿದ ಕಥೆ

ಮೈಎಸ್‌ಕ್ಯೂಎಲ್ 8 ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಆ ಒಂದು ಸ್ಟಾರ್‌ನಲ್ಲಿ ಮುಕ್ಕಾಲು ಪಾಲು ತಪ್ಪು ನನ್ನದೇ, ಆದರೂ ವಾಪಸ್ ಕೊಡುವುದಿಲ್ಲ.

ನಾನಿರುವುದು ಹುಬ್ಬಳ್ಳಿಯಲ್ಲಿ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯವರು ಹಳೆಯ ಲೆಕ್ಕವನ್ನೆಲ್ಲ ಕೊಟ್ಟು, ತಿಂಗಳ ಸರಾಸರಿ ರೇಟು ತೆಗೆದುಕೊಡಿ ಅಂದರು. ಸುಲಭ ಅಲ್ವಾ ಅಂದುಕೊಂಡು ಒಪ್ಪಿಕೊಂಡೆ. ಡೇಟಾಬೇಸ್ ತೆರೆದು ನೋಡಿದರೆ ರೇಟಿಗೆ ಅಂತ ಬೇರೆ ಕಾಲಮ್ಮೇ ಇಲ್ಲ. 'ಷರಾ' ಅಂತ ಒಂದೇ ಕಾಲಮ್ಮು, ಅದರಲ್ಲಿ ಗುಮಾಸ್ತರು ವರ್ಷಗಟ್ಟಲೆ ತಮಗೆ ತೋಚಿದ ಹಾಗೆ ಬರೆದಿದ್ದಾರೆ. "ಡಬ್ಬಿ 45,250". "ಕಡ್ಡಿ ರೂ.38,500/-". "ಡಬ್ಬಿ ೪೫,೨೫೦". "ತೇವ ಜಾಸ್ತಿ, ರೇಟ್ ಆಗಿಲ್ಲ". ಡಬ್ಬಿ, ಕಡ್ಡಿ ಅಂದರೆ ಮೆಣಸಿನಕಾಯಿಯ ಬಗೆಗಳು. ಇಂಥವು 18 ಸಾವಿರ ಸಾಲು.

ಮೈಎಸ್‌ಕ್ಯೂಎಲ್ 8ರ ಉಚಿತ ಕಮ್ಯುನಿಟಿ ಎಡಿಷನ್ ಹಾಕಿಕೊಂಡೆ. ಮೊದಲ ಪ್ರಯತ್ನ ನೇರವಾಗಿ ಕಾಸ್ಟ್, ಅಂದರೆ ಪಠ್ಯವನ್ನು ಅಂಕಿ ಮಾಡುವ ಫಂಕ್ಷನ್. ಹೋಯಿತು. ಮುಂದೆ ಅಂಕಿಯಿದ್ದರೆ ಅದು ಎಲ್ಲಿಯವರೆಗೆ ಓದಲು ಬರುತ್ತದೋ ಅಲ್ಲಿಯವರೆಗೆ ಓದಿ ಉಳಿದದ್ದನ್ನು ಬಿಡುತ್ತದೆ, ಮುಂದೆ ಅಕ್ಷರವಿದ್ದರೆ ಸೀದಾ ಸೊನ್ನೆ. ಜೊತೆಗೆ ಪ್ರತಿ ಸಾಲಿಗೊಂದು ಎಚ್ಚರಿಕೆ: 1292, 'ಟ್ರಂಕೇಟೆಡ್ ಇನ್‌ಕರೆಕ್ಟ್ ಡೆಸಿಮಲ್ ವ್ಯಾಲ್ಯೂ'. ಶೋ ವಾರ್ನಿಂಗ್ಸ್ ಕೊಟ್ಟರೆ ಕಾಣುವುದು 1024 ಮಾತ್ರ, ಅದು ಡಿಫಾಲ್ಟ್ ಮಿತಿ. ಎಷ್ಟು ಬಂದಿವೆ ಅನ್ನುವ ಪೂರ್ತಿ ಲೆಕ್ಕವನ್ನು ಬೇರೆಯಾಗಿ ಕೇಳಬೇಕು. ನಾನು ಕೇಳಲಿಲ್ಲ. ಸಾವಿರ ಸಾಲಿನ ತೊಂದರೆ ಅಂತ ಒಂದು ದಿನವೆಲ್ಲ ತಿಳಿದುಕೊಂಡಿದ್ದೆ.

ಇಲ್ಲಿ ತನಕ ಬರೀ ಎಚ್ಚರಿಕೆ. ಅದೇ ಉತ್ತರವನ್ನು ಹೊಸ ಕಾಲಮ್ಮಿಗೆ ತುಂಬಲು ಹೋದರೆ ಎರರ್ ಆಗಿ ನಿಂತೇ ಬಿಡುತ್ತದೆ, ಯಾಕಂದರೆ ಹಿಂದಿನ 5.7 ಆವೃತ್ತಿಯಿಂದಲೇ ಸ್ಟ್ರಿಕ್ಟ್ ಮೋಡ್, ಅಂದರೆ ತಪ್ಪು ಬೆಲೆಯನ್ನು ಒಳಗೆ ಬಿಡದ ಸೆಟ್ಟಿಂಗ್, ತಾನಾಗಿಯೇ ಆನ್ ಇರುತ್ತದೆ. ಗೆಳೆಯನೊಬ್ಬ "ಸ್ಟ್ರಿಕ್ಟ್ ಮೋಡ್ ತಗದ್ ಬಿಡ್ಲೆ, ತಣ್ಣಗ ಆಗ್ತೈತಿ" ಅಂದ. ಆಗುತ್ತದೆ, ನಿಜ. ಸಾವಿರಾರು ಸಾಲಿನಲ್ಲಿ ಸೊನ್ನೆ ರೂಪಾಯಿ ತುಂಬಿಕೊಂಡು ತಣ್ಣಗಾಗುತ್ತದೆ.

ಈ ಸಾಫ್ಟ್‌ವೇರ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ರೆಗ್‌ಎಕ್ಸ್ ಫಂಕ್ಷನ್‌ಗಳು, ಅಂದರೆ ನಾವು ಕೊಟ್ಟ ಪ್ಯಾಟರ್ನ್‌ಗೆ ಹೊಂದುವುದನ್ನು ಪಠ್ಯದಲ್ಲಿ ಹುಡುಕುವಂಥವು. 5.7ರಲ್ಲಿ ಹೊಂದುತ್ತದೋ ಇಲ್ಲವೋ ಅಂತ ಕೇಳಬಹುದಿತ್ತು ಅಷ್ಟೇ. 8ರಲ್ಲಿ ಹೊಂದಿದ ತುಂಡನ್ನೇ ಕಿತ್ತು ಕೊಡುವ ರೆಗ್‌ಎಕ್ಸ್ ಸಬ್‌ಸ್ಟ್ರಿಂಗ್ ಇದೆ. ಖುಷಿಯಲ್ಲಿ [0-9]+ ಅಂತ, ಅಂದರೆ ಒಂದರ ಪಕ್ಕ ಒಂದಿರುವ ಅಂಕಿಗಳು ಬೇಕು ಅಂತ ಕೊಟ್ಟೆ, ಆಮೇಲೆ ಕಾಸ್ಟ್. ಎಚ್ಚರಿಕೆ ಒಂದೂ ಇಲ್ಲ! ಪರದೆ ಅಷ್ಟು ಸ್ವಚ್ಛ. ಪ್ರಿಂಟ್ ತೆಗೆದುಕೊಂಡು ಬಸ್ ಹತ್ತಿ ಬ್ಯಾಡಗಿಗೆ ಹೋದೆ.

ಸಾವ್ಕಾರರು ಕನ್ನಡಕ ಏರಿಸಿ ಮೊದಲ ಸಾಲು ನೋಡಿದರು. "ಸರ, ಡಬ್ಬಿ ಕ್ವಿಂಟಲ್‌ಗೆ ನಲವತ್ತೈದ್ ರೂಪಾಯಿ ಐತೇನ್ರಿ? ಈ ರೇಟಿಗೆ ಎರಡ ಪ್ಲೇಟ್ ಗಿರ್ಮಿಟ್ ಬರೂದಿಲ್ಲಲ್ರಿ."

ನನ್ನ ಪ್ಯಾಟರ್ನ್ ಅಲ್ಪವಿರಾಮಕ್ಕೆ ನಿಂತುಬಿಟ್ಟಿತ್ತು. 45,250ರಲ್ಲಿ 45 ಮಾತ್ರ ಕಿತ್ತಿತ್ತು, ಮತ್ತು 45 ಅನ್ನುವುದು ಹುಳುಕಿಲ್ಲದ ಅಂಕಿ, ಅದಕ್ಕೆ ಯಾಕೆ ಎಚ್ಚರಿಸುತ್ತದೆ? ಮೊದಲ ಸಲ 18 ಸಾವಿರ ಎಚ್ಚರಿಕೆ ಕೊಟ್ಟಾಗ ನನಗೆ ಬೇಜಾರಾಗಿತ್ತು, ಆದರೆ ಆಗಲೇ ಅದು ನಿಜ ಹೇಳುತ್ತಿತ್ತು.

ಮನೆಗೆ ಬಂದು ಇನ್ನೊಂದು ಉಪಾಯ ಮಾಡಿದೆ: ಅಂಕಿ ಮತ್ತು ಚುಕ್ಕೆ ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿಬಿಡುವುದು. 45,250 ಚೆನ್ನಾಗಿ ಬಂತು. ಆದರೆ "ರೂ.38,500/-" ಇದೆಯಲ್ಲ, ಅದರ ರೂ ಹೋಯಿತು, ಚುಕ್ಕೆ ಉಳಿಯಿತು. ಆಗ ಸಿಕ್ಕಿದ್ದು .38500, ಎರಡು ದಶಾಂಶಕ್ಕೆ ಸರಿ ಮಾಡಿದರೆ 39 ಪೈಸೆ. ಈ ಸಲ ಬಸ್ ಹತ್ತುವ ಮೊದಲೇ ನೋಡಿಕೊಂಡೆ.

ಕೊನೆಗೆ ನಿಂತ ಪ್ಯಾಟರ್ನ್ ಇದು: [0-9][0-9,]*([.][0-9]+)? ಮೊದಲ ಅಕ್ಷರ ಅಂಕಿಯೇ ಆಗಬೇಕು, ಆದ್ದರಿಂದ ರೂ. ಪಕ್ಕದ ಚುಕ್ಕೆ ಒಳಗೆ ಬರುವುದಿಲ್ಲ. ನಡುವೆ ಅಲ್ಪವಿರಾಮ ಎಷ್ಟಾದರೂ ಇರಲಿ, 1,05,500 ಇದ್ದರೂ ನಡೆಯುತ್ತದೆ. ಚುಕ್ಕೆಯನ್ನು ಚೌಕ ಕಂಸದಲ್ಲಿ ಇಟ್ಟರೆ ಹಿಮ್ಮುಖ ಗೀಟನ್ನು (\) ಎರಡೆರಡು ಸಲ ಬರೆಯುವ ತಲೆನೋವು ಇಲ್ಲ. ಹೀಗೆ ಕಿತ್ತ ತುಂಡಿನಿಂದ ರಿಪ್ಲೇಸ್ ಹಾಕಿ ಅಲ್ಪವಿರಾಮ ತೆಗೆದು, ಆಮೇಲೆ ಡೆಸಿಮಲ್ (12,2)ಗೆ, ಅಂದರೆ ಒಟ್ಟು 12 ಅಂಕಿ, ಅದರಲ್ಲಿ 2 ದಶಾಂಶದ್ದು, ಕಾಸ್ಟ್ ಮಾಡಬೇಕು. ಸುಮ್ನೆ ಡೆಸಿಮಲ್ ಅಂತ ಬಿಟ್ಟರೆ (10,0) ಅಂತ ಹಿಡಿದುಕೊಂಡು ಪೈಸೆಯನ್ನು ನುಂಗುತ್ತದೆ.

ಇದರಲ್ಲಿ ಇನ್ನೊಂದು ಚೆಂದ ಇದೆ. "ರೇಟ್ ಆಗಿಲ್ಲ" ಅನ್ನುವ ಸಾಲಿನಲ್ಲಿ ಅಂಕಿಯೇ ಇಲ್ಲ, ಹಾಗಾಗಿ ರೆಗ್‌ಎಕ್ಸ್ ಸಬ್‌ಸ್ಟ್ರಿಂಗ್ ನಲ್, ಅಂದರೆ 'ಇಲ್ಲಿ ಬೆಲೆಯೇ ಇಲ್ಲ' ಅನ್ನುವ ಗುರುತು, ಕೊಡುತ್ತದೆ. ನಲ್‌ಗೆ ಕಾಸ್ಟ್ ಮಾಡಿದರೆ ನಲ್ಲೇ, ಎಚ್ಚರಿಕೆ ಇಲ್ಲ. ಸರಾಸರಿ ತೆಗೆಯುವಾಗ ನಲ್ ಲೆಕ್ಕಕ್ಕೆ ಬರುವುದಿಲ್ಲ, ಸೊನ್ನೆಯಾದರೆ ಲೆಕ್ಕಕ್ಕೆ ಬರುತ್ತದೆ. ರೇಟ್ ಆಗದ ಚೀಲಗಳು ಸೊನ್ನೆಯಾಗಿ ಕೂತಿದ್ದರೆ ಇಡೀ ತಿಂಗಳ ಸರಾಸರಿಯನ್ನು ಕೆಳಗೆ ಎಳೆಯುತ್ತಿದ್ದವು. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದ ಮರಿಯಾಡಿಬಿ ಬಳಸುವವರು ಇಲ್ಲಿ ಹುಷಾರಾಗಿರಿ. ಅದರಲ್ಲಿ ಹೊಂದದಿದ್ದರೆ ನಲ್ ಬದಲು ಖಾಲಿ ಪಠ್ಯ ಬರುತ್ತದೆ, ಖಾಲಿ ಪಠ್ಯಕ್ಕೆ ಕಾಸ್ಟ್ ಮಾಡಿದರೆ ಮತ್ತೆ ಅದೇ 1292. ನಡುವೆ ಖಾಲಿ ಪಠ್ಯವನ್ನು ನಲ್ ಮಾಡುವ ಒಂದು ನಲ್‌ಇಫ್ ಹಾಕಿಕೊಳ್ಳಬೇಕು.

ಕನ್ನಡ ಅಂಕಿಗಳದ್ದು ಬೇರೆಯೇ ಪಾಡು. ಅಂಕಿಗೆ ಅಂತ ರೆಗ್‌ಎಕ್ಸ್‌ನಲ್ಲಿ ಒಂದು ಅಡ್ಡದಾರಿ ಇದೆ, ಹಿಮ್ಮುಖ ಗೀಟಿನ ಜೊತೆ ಡಿ. ಮೈಎಸ್‌ಕ್ಯೂಎಲ್ 8 ಒಳಗೆ ಎಲ್ಲ ಭಾಷೆಗಳ ಲಿಪಿಯನ್ನೂ ಬಲ್ಲ ಐಸಿಯು ಲೈಬ್ರರಿ ಇರುವುದರಿಂದ ಈ ಡಿ ನಮ್ಮ ೪೫ ಅನ್ನೂ ಅಂಕಿ ಅಂತ ಒಪ್ಪುತ್ತದೆ. ಸಂತೋಷ. ಆದರೆ ಕಾಸ್ಟ್ ಒಪ್ಪುವುದಿಲ್ಲ, ಸೊನ್ನೆ ಕೊಟ್ಟು ಎಚ್ಚರಿಸುತ್ತದೆ. ಒಂದೇ ಮನೆಯಲ್ಲಿ ಅಣ್ಣ ಕರೆದು ಕೂರಿಸಿದ ನೆಂಟನನ್ನು ತಮ್ಮ ಬಾಗಿಲಿಂದ ಹೊರಗೆ ಕಳಿಸಿದ ಹಾಗೆ. ನಾನು ಕಳೆದ ಸ್ಟಾರ್ ಇದಕ್ಕೇ. ಹತ್ತು ಅಂಕಿಗೆ ಹತ್ತು ರಿಪ್ಲೇಸ್ ಒಂದರೊಳಗೊಂದು ಹಾಕಿ ಮೊದಲು ೪ ಅನ್ನು 4 ಮಾಡಿಕೊಂಡೆ. ನೋಡಲು ಅಸಹ್ಯ, ಕೆಲಸ ಮಾತ್ರ ಪಕ್ಕಾ.

ಬೇರೆ ಡೇಟಾಬೇಸ್‌ಗೆ ಹೋದರೆ ಹೇಗೆ ಅಂತ ಕೇಳಬಹುದು. ಎಸ್‌ಕ್ಯೂಲೈಟ್ "45,250"ಕ್ಕೆ ಕಾಸ್ಟ್ ಮಾಡಿದರೆ 45 ಕೊಟ್ಟು ತುಟಿ ಬಿಚ್ಚುವುದಿಲ್ಲ. ಪೋಸ್ಟ್‌ಗ್ರೆಸ್ ಮೊದಲ ಕೆಟ್ಟ ಸಾಲಿಗೇ ಎರರ್ ಹೊಡೆದು ಕೈಬಿಡುತ್ತದೆ. ನನ್ನಂಥ ಅವಸರದವನಿಗೆ ಕೆಲಸ ಮುಂದುವರಿಸಿ ಗೊಣಗುವ ಮೈಎಸ್‌ಕ್ಯೂಎಲ್ಲೇ ಸರಿ.

ಒಂದು ಎಚ್ಚರ ನಾನೇ ಕೊಡುತ್ತೇನೆ. "12 ಚೀಲ ಡಬ್ಬಿ 45,250" ಅಂತ ಇದ್ದರೆ ಮೇಲಿನ ಪ್ಯಾಟರ್ನ್ 12 ಅನ್ನು ಕಿತ್ತು ಕೊಡುತ್ತದೆ, ಸದ್ದೇ ಇಲ್ಲದೆ. ಎಷ್ಟನೆಯ ಹೊಂದಿಕೆ ಬೇಕು ಅಂತ 8ರಲ್ಲಿ ಹೇಳಬಹುದು, ಆದರೆ ಯಾವ ಸಾಲಿಗೆ ಎರಡನೆಯದು ಅಂತ ಅದಕ್ಕೇನು ಗೊತ್ತು? ಹಾಗಾಗಿ ಹಳೆಯ ಷರಾ ಕಾಲಮ್ಮನ್ನು ಮುಟ್ಟಲಿಲ್ಲ, ಪಕ್ಕದಲ್ಲೇ ರೇಟಿನ ಹೊಸ ಕಾಲಮ್ಮು ಮಾಡಿದೆ. ಸಾವಿರಕ್ಕಿಂತ ಕಡಿಮೆ ರೇಟು ಬಂದ ಸಾಲುಗಳನ್ನೂ ನಲ್ ಸಾಲುಗಳನ್ನೂ ಬೇರೆ ಪಟ್ಟಿ ತೆಗೆದು ಗುಮಾಸ್ತರಿಗೆ ಕೊಟ್ಟೆ. ನಾಲ್ಕು ಹಾಳೆ ಆಯಿತು. ಅವರು ಹಳೆಯ ಚೀಟಿ ಕಟ್ಟು ಬಿಚ್ಚಿ, ಕೆಂಪು ಪೆನ್ನು ಹಿಡಿದು, ಒಂದೊಂದೇ ಸಾಲಿಗೆ ರೇಟು ಬರೆಯುತ್ತಾ ಕೂತಿದ್ದಾರೆ. ಮೊದಲ ಹಾಳೆ ವಾಪಸ್ ಬಂದಿದೆ, ಎಲ್ಲಾ ಕನ್ನಡ ಅಂಕಿಯಲ್ಲಿ.