ಸೆಪ್ಟಿಕ್ ನೀರು ಇಂಗೋ ಜಾಗಕ್ಕೆ ಬಾಳೆ, ಕೆಸು, ಕಾಬಾಳೆ, ಬಜೆ ಎಲ್ಲ ಹಾಕಿ ನೋಡಿದೆ, ಉಳಿದಿದ್ದು ಲಾವಂಚ

ಮೊದಲೇ ಹೇಳ್ಬಿಡ್ತೀನಿ, ನಮ್ಮನೆ ಸೆಪ್ಟಿಕ್ ಟ್ಯಾಂಕಿನ ನೀರು ಇಂಗೋ ಜಾಗದಲ್ಲಿ ಈಗಿರೋದು ಲಾವಂಚದ ಹುಲ್ಲು, ಇನ್ಮುಂದೆನೂ ಅದೇ. ಬೇರೆದ್ರ ಬಗ್ಗೆ ಬರೀತಿರೋದು ಯಾಕಂದ್ರೆ ಬಾಳೆ ಹಾಕಿ ನಾನು ಪಟ್ಟ ಪಾಡು ಇನ್ನೊಬ್ರು ಪಡೋದು ಬೇಡ ಅಂತ.

ನಮ್ಮದು ಸಾಗರದ ಕಡೆ, ಅಡಿಕೆ ತೋಟದ ಮೇಲ್ಗಡೆ ಮನೆ, ಐದು ಜನ. 2019ರಲ್ಲಿ ಮನೆ ಕಟ್ಟುವಾಗ ಇಂಗುಗುಂಡಿ ಬೇಡ ಅಂತ ತೀರ್ಮಾನ ಮಾಡಿದ್ವಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೇಲಿ ನಮ್ಮಲ್ಲಿ ಆರಡಿ ತೋಡಿದ್ರೆ ನೀರು ಬರ್ತದೆ, ಗುಂಡಿ ತಳ ನೀರಲ್ಲೇ ಕೂತ್ರೆ ಇಂಗೋದು ಎಲ್ಲಿಗೆ? ಅದಕ್ಕೆ ಟ್ಯಾಂಕಿಂದ ಹೊರಗೆ ಒಂಬತ್ತೊಂಬತ್ತು ಮೀಟರಿನ ಎರಡು ಕಾಲುವೆ ತೆಗೆಸಿ, ಜಲ್ಲಿ ಹಾಸಿ, ತೂತು ಹೊಡೆದ ನಾಲ್ಕಿಂಚಿನ ಪೈಪು ಮಲಗಿಸಿ, ಮೇಲೆ ಮಣ್ಣು ಮುಚ್ಚಿದ್ವಿ. ಐಎಸ್ 2470 ಅಂತ ಇದಕ್ಕೊಂದು ಭಾರತೀಯ ಸ್ಟ್ಯಾಂಡರ್ಡ್ ಇದೆ. ಅದರ ಎರಡನೇ ಭಾಗದಲ್ಲಿ ಕಾಲುವೆ ಆಳ 50ರಿಂದ 100 ಸೆಂಟಿಮೀಟರ್ ಇರ್ಬೇಕು, ಕುಡಿಯೋ ನೀರಿನ ಬಾವಿಯಿಂದ 18 ಮೀಟರಾದ್ರೂ ದೂರ ಇರ್ಬೇಕು ಅಂತ ಇದೆ. ನಮ್ಮ ಬಾವಿ 22 ಮೀಟರ್ ದೂರ, ಅದೂ ಮೇಲ್ಗಡೆ. ಅಲ್ಲೀವರೆಗೂ ಎಲ್ಲ ಸರಿಯಾಗೇ ಇತ್ತು.

ಮಣ್ಣು ಮುಚ್ಚಿದ ಮೇಲೆ ಏನು ನೆಡೋದು ಅನ್ನೋದನ್ನ ಮೇಸ್ತ್ರಿನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾಲ್ಕು ತಿಂಗಳು ಬೇರು ನೀರಲ್ಲಿ ಮುಳುಗಿರ್ಬೇಕು, ಫೆಬ್ರವರಿಯಿಂದ ಮೇವರೆಗೆ ಬಿಸಿಲಿಗೂ ಜಗ್ಗಬಾರ್ದು, ಎರಡನ್ನೂ ತಡ್ಕೊಳ್ಳೋದು ಹಳ್ಳದ ದಂಡೇಲಿ ತಾನಾಗೇ ಬೆಳೆಯೋ ನಮ್ಮ ಕಡೆ ಗಿಡಗಳೇ. ಇದು ನನಗೆ ಅರ್ಥ ಆಗೋಕೆ ಮೂರು ವರ್ಷ ಹಿಡೀತು.

ಬಾಳೆಯಿಂದ ಶುರು ಮಾಡ್ತೀನಿ. ಬಚ್ಚಲು ನೀರು ಬಾಳೆಗೆ ಬಿಡೋದು ನಮ್ಮ ಅಜ್ಜಿ ಕಾಲದ ರೂಢಿ, ಹಾಗಾಗಿ 2020ರ ಜೂನಲ್ಲಿ ಏನೂ ಯೋಚ್ನೆ ಮಾಡದೆ ಪುಟ್ಟಬಾಳೆದು ಎಂಟು ಕಂದು ತಂದು ಪೈಪಿನ ಸಾಲಿಗೇ ನೆಟ್ಟೆ. ಮೊದಲ ವರ್ಷ ನೋಡೋಕೆ ಎರಡು ಕಣ್ಣು ಸಾಲದು, ಎಲೆ ಒಂದೊಂದೂ ಆಳೆತ್ತರ, ಗೊನೆನೂ ಚೆನ್ನಾಗೇ ಬಿಡ್ತು. ಗೊನೆ ಕಡಿದ ಮೇಲೇ ಕಷ್ಟ ಶುರುವಾಗಿದ್ದು. ಬಾಳೆ ಒಂದೇ ಕಡೆ ನಿಲ್ಲೋ ಗಿಡ ಅಲ್ಲ, ಅದು ನಡೀತದೆ. ತಾಯಿಗಿಡ ಹೋಗಿ ಪಕ್ಕದಲ್ಲಿ ಮರಿ, ಮರಿ ಪಕ್ಕದಲ್ಲಿ ಇನ್ನೊಂದು ಮರಿ, ಎರಡು ವರ್ಷದಲ್ಲಿ ಹಿಂಡು ಎರಡಡಿ ಸರಿದು ಅಡ್ಡಾದಿಡ್ಡಿ ಆಗಿಬಿಡ್ತು, ಹಳೇ ಗೆಡ್ಡೆ ಎಲ್ಲ ಒಳಗೇ ಕೊಳೀತಾ ಕೂತಿತ್ತು. ಜೂನ್ ಗಾಳಿಗೆ ಗೊನೆ ಹೊತ್ತ ಒಂದು ಗಿಡ ಬುಡಸಮೇತ ಬಿತ್ತು, ಬೇರಿನ ಜೊತೆ ಒಂದು ಬುಟ್ಟಿ ಜಲ್ಲಿನೂ ಮೇಲೆ ಬಂತು.

ಹಿಂಡು ತೆಳು ಮಾಡೋಣ ಅಂತ ಆಳಿಗೆ ಹೇಳಿ ಹಳೇ ಗೆಡ್ಡೆ ಕೀಳಿಸಿದೆ. ಬಾಳೆ ಗೆಡ್ಡೆ ಕೀಳೋಕೆ ಹಾರೆನೇ ಬೇಕು. ಒಂದು ಏಟಿಗೆ ಟಕ್ ಅಂತ ಸದ್ದಾಯ್ತು, ಕಲ್ಲು ಇರ್ಬೇಕು ಅಂತ ಇಬ್ರೂ ಅಂದ್ಕೊಂಡ್ವಿ. ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಮಳೆ ಹಿಡ್ಕೊಂಡಾಗ ಕಮೋಡಲ್ಲಿ ಗುಳುಗುಳು ಶಬ್ದ, ನೀರು ಹಾಕಿದ್ರೆ ಇಳಿಯೋದೇ ಇಲ್ಲ, ಅಂಗಳದ ಮೂಲೇಲಿ ಕಪ್ಪು ಲೋಳೆ ನೀರು ನಿಂತು ವಾಸನೆ ಮನೆಯೊಳಗೆ. ಅಗೆದು ನೋಡಿದ್ರೆ ಪೈಪು ಒಡೆದು ಮಣ್ಣು ತುಂಬ್ಕೊಂಡಿದೆ. ಮಣ್ಣೊಂದೇ ಆಗಿದ್ರೆ ತೆಗೀಬಹುದಿತ್ತು, ಒಡಕಿಂದಲೂ ತೂತುಗಳಿಂದಲೂ ಬಾಳೆ ಬೇರು ಒಳಗೆ ನುಗ್ಗಿ ಪೈಪಿನುದ್ದಕ್ಕೂ ಜಡೆ ಹೆಣೆದ ಹಾಗೆ ಬೆಳೆದಿತ್ತು. ಪೆನ್ಸಿಲ್ ದಪ್ಪದ ಬಿಳೀ ಬೇರು, ಹಿಡಿದು ಎಳೆದ್ರೆ ರಸ ಸುರಿಸ್ತಾ ಲಟಕ್ ಅಂತ ತುಂಡಾಗೋದು, ಪೂರ್ತಿ ಬರೋದೇ ಇಲ್ಲ, ಮೊಳ ಉದ್ದದ ಒಂದು ಮುದ್ದೆ ತೆಗೆಯೋಕೇ ಅರ್ಧ ಗಂಟೆ. ಕೊನೆಗೆ ಮೂರು ಮೀಟರ್ ಪೈಪು ಹೊಸದಾಗಿ ಹಾಕಿ, ಜಲ್ಲಿ ಎಲ್ಲ ತೆಗೆದು ತೊಳೆದು ವಾಪಸ್ ಹಾಕಿ, ಆಳುಗಳ ಕೂಲಿ ಸೇರಿ 11,000 ರೂಪಾಯಿ ಆಯ್ತು. ದುಡ್ಡಿಗಿಂತ ಬೇಜಾರಾಗಿದ್ದು ನಾಲ್ಕು ದಿನ ಆ ಮಳೇಲಿ ವಯಸ್ಸಾದ ಅತ್ತೇನ ಕೊಡೆ ಹಿಡಿದು ಪಕ್ಕದ ಮನೆ ಶೌಚಾಲಯಕ್ಕೆ ಕರ್ಕೊಂಡು ಹೋಗ್ಬೇಕಾಗಿ ಬಂದಿದ್ದು. ಅವರು ಒಂದು ಮಾತೂ ಆಡಲಿಲ್ಲ, ನನಗೇ ತಡ್ಕೊಳ್ಳೋಕಾಗ್ಲಿಲ್ಲ.

ಬಾಳೇನ ಪೂರ್ತಿ ಬೈಯೋಕಾಗಲ್ಲ. ಬಚ್ಚಲು ನೀರಿನ ತೆರೆದ ಚರಂಡಿಗೆ ಅದರಷ್ಟು ನೀರು ಕುಡಿಯೋ ಗಿಡ ಇಲ್ಲ. ಆದ್ರೆ ಪೈಪು ಹೂತ ಜಾಗದಲ್ಲಿ ಹಾರೆ ಬೇಕಾಗೋ ಗಿಡನೇ ಬೇಡ. ಅವತ್ತಿಂದ ಯಾವ ಗಿಡ ನೋಡಿದ್ರೂ ನಾನು ಕೇಳ್ಕೊಳ್ಳೋದು ಒಂದೇ, ಇದನ್ನ ಕೀಳ್ಬೇಕಾಗ್ತದಾ, ಬರೀ ಕೊಯ್ದ್ರೆ ಸಾಕಾಗ್ತದಾ?

ಕೆಸು ಚೆನ್ನಾಗೇ ಬೆಳೀತದೆ, ದುಡ್ಡೂ ಕೊಡ್ಬೇಕಾಗಿಲ್ಲ, ಹಳ್ಳದಿಂದ ಕಿತ್ತು ತಂದ್ರಾಯ್ತು. ತೊಂದ್ರೆ ಏನಂದ್ರೆ ಆಷಾಢ ಬಂತು ಅಂದ್ರೆ ಯಾರಾದ್ರೂ ಪತ್ರೊಡೆಗೆ ಅಂತ ಎಲೆ ಕೊಯ್ದೇ ಕೊಯ್ತಾರೆ, ನಮ್ಮನೆಗೆ ಬಂದ ನೆಂಟರು ಒಂದು ಸಲ ಕೊಯ್ದು ತೊಳೆದು ಜೋಡಿಸಿಟ್ಟಿದ್ರು, ಅಷ್ಟರಲ್ಲಿ ನಾನು ನೋಡಿದೆ. ಬೆಂದ್ರೆ ಏನೂ ಆಗಲ್ಲ ಅನ್ನೋರಿದಾರೆ, ಆದ್ರೆ ಆ ಮಣ್ಣು ಮುಟ್ಟಿದ ಕೈ, ಆ ಮಣ್ಣಾದ ಎಲೆ ಅಡುಗೆಮನೆ ಕಟ್ಟೆ ಮೇಲೆ ಬರೋದೇ ನನಗೆ ಒಪ್ಪಿಗೆ ಇಲ್ಲ. ಒಂದೆಲಗ ಅಂತೂ ಅಲ್ಲಿ ತಾನಾಗೇ ಹಬ್ಬಿದ್ರೂ ಕಿತ್ತು ಬಿಸಾಕ್ಬಿಡಿ, ಯಾಕಂದ್ರೆ ತಂಬುಳಿಗೆ ಅದನ್ನ ಹಸಿಯಾಗೇ ಅರೀತೀವಿ.

ಕಾಬಾಳೆ ನೀರು ಕುಡಿಯೋದ್ರಲ್ಲಿ ಜೋರು, ಕೆಂಪು ಹೂವು ಅಂದಾನೂ ಹೌದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕ್ಯಾನಾ ಇಂಡಿಕಾ, ಹೆಸರಲ್ಲಿ ಇಂಡಿಕಾ ಅಂತಿದ್ರೂ ಅದು ಅಮೆರಿಕ ಖಂಡದ ಗಿಡ. ಗೆಡ್ಡೆ ಒತ್ತಾಗಿ ಹಬ್ಬಿದ್ರೆ ಎರಡು ವರ್ಷಕ್ಕೊಮ್ಮೆ ಕೀಳ್ಬೇಕು, ಅಲ್ಲಿಗೆ ಮತ್ತೆ ಗುದ್ದಲಿ ಬಂತು.

ಆಪು ಹುಲ್ಲು, ಅಂದ್ರೆ ಜೊಂಡು, ಕೆರೆಗೆ ಸರಿ, ಅಂಗಳಕ್ಕೆ ಬೇಡ.

ಬಜೆ ನನಗೆ ಇಷ್ಟ. ತುಮಕೂರು ಜಿಲ್ಲೆ ಕೊರಟಗೆರೆ ಕಡೆ ಗದ್ದೆಯಲ್ಲೇ ಬೆಳೀತಾರೆ, ಕೆಸರು ಅಂದ್ರೆ ಅದಕ್ಕೆ ಪ್ರಾಣ, ಎಲೆ ಹಿಸುಕಿದ್ರೆ ಘಮ್ ಅಂತದೆ. ಆದ್ರೆ ನಾವು ಬೇಸಿಗೆ ರಜೆಗೆ ಎರಡು ವಾರ ಊರಿಗೆ ಹೋಗಿ ಬಂದಾಗ ಮೇಲ್ಗಡೆ ಸಾಲಿಂದು ಒಣಗಿ ಕಡ್ಡಿ ಆಗಿತ್ತು, ತಗ್ಗಿನ ತುದೀದು ಮಾತ್ರ ಹಸಿರಾಗಿತ್ತು. ಮಗೂಗೆ ತೇದು ನೆಕ್ಕಿಸೋಕೆ ಇಲ್ಲಿಂದ ಮಾತ್ರ ಬೇರು ತೆಗೀಬೇಡಿ.

ಇನ್ನು ಲಾವಂಚ. ಇದು ನಮ್ಮ ದೇಶದ್ದೇ ಹುಲ್ಲು, ಗುಂಡ್ಲುಪೇಟೆ ಕಡೆ ಹೊಲದ ಬದುವಿಗೆ ಹಾಕೋದು ಹಳೇ ರೂಢಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ ಸೆಪ್ಟಿಕ್ ನೀರಿಗೇ ಇದನ್ನ ನೆಟ್ಟು ಪ್ರಯೋಗ ಮಾಡಿದಾರೆ. ನನಗೆ ಬೇಕಾಗಿದ್ದ ಗುಣ ಅಂದ್ರೆ ಇದರ ಬೇರು ಅಡ್ಡ ಹೋಗಲ್ಲ, ನೆಟ್ಟಗೆ ಕೆಳಗೆ ಇಳೀತದೆ, ಒಳ್ಳೆ ಮಣ್ಣಲ್ಲಿ ಮೂರ್ನಾಲ್ಕು ಮೀಟರ್ ಆಳಕ್ಕೆ. ದಕ್ಷಿಣ ಭಾರತದಲ್ಲಿ ಬೆಳೆಸೋ ತಳಿ ಬೀಜದಿಂದ ಹುಟ್ಟಲ್ಲ, ಹಾಗಾಗಿ ತೋಟಕ್ಕೆ ಹರಡೋ ಭಯನೂ ಇಲ್ಲ.

2022ರಲ್ಲಿ ಪೈಪು ಸರಿ ಮಾಡಿಸಿದ ವಾರದಲ್ಲೇ 250 ಬುಡ ತಂದೆ, ಒಂದಕ್ಕೆ ನಾಲ್ಕು ರೂಪಾಯಿ, ಒಟ್ಟು ಸಾವಿರ. ಪೈಪಿನ ನೆತ್ತಿ ಮೇಲೆ ನೆಡಲಿಲ್ಲ, ಎರಡೂ ಕಾಲುವೆಯ ಆಚೀಚೆ ಒಂದೂವರೆ ಅಡಿ ಬಿಟ್ಟು ಗೇಣಿಗಿಂತ ಕಮ್ಮಿ ಅಂತರದಲ್ಲಿ ನಾಲ್ಕು ಸಾಲು. ಕಾಲುವೆ ಮೇಲೆ ಗರಿಕೆ ಬಿಟ್ಟಿದೀನಿ. ಹಲಸಿನ ಮರದ ನೆರಳಲ್ಲಿ ಇದ್ದ ಮೂವತ್ತು ಬುಡ ಸತ್ತುಹೋಯ್ತು, ಲಾವಂಚಕ್ಕೆ ಬಿಸಿಲು ಬೇಕೇ ಬೇಕು. ಆ ತುದಿ ಹೇಗೂ ತಗ್ಗು, ಅಲ್ಲಿಗೆ ಬಜೆ ಹಾಕಿದೆ, ಬದುಕ್ತು. ವರ್ಷಕ್ಕೆ ಮೂರು ಸಲ ಮೊಣಕಾಲೆತ್ತರಕ್ಕೆ ಕತ್ತಿಯಲ್ಲಿ ಕೊಯ್ದು ಅಡಿಕೆ ಬುಡಕ್ಕೆ ಹಾಕ್ತೀನಿ, ಅಷ್ಟೇ ಕೆಲಸ. ಎಲೆ ಅಂಚು ಕೈ ಕೊಯ್ತದೆ, ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ.

ಎರಡು ಮಳೆಗಾಲ ಕಳೆದ ಮೇಲೆ ಪೈಪಿನ ತುದಿ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ, ಎರಡ್ಮೂರು ಕಡೆ ಕೂದಲಿನಂಥ ನಾರು ಇಣುಕಿತ್ತು, ಅದು ಬಿಟ್ರೆ ಖಾಲಿ. ಜುಲೈಯಲ್ಲಿ ಜಡಿಮಳೆ ಹೊಡೀವಾಗ ಯಾವ ಗಿಡನೂ ಹೆಚ್ಚು ನೀರು ಎಳೆಯಲ್ಲ, ಆಗ ಎಲ್ಲ ಮಣ್ಣಿನ ಮೇಲೇ, ಲಾವಂಚದ್ದೂ ಅಷ್ಟೇ. ಮಳೆ ನಿಂತ ಮೇಲೆ ಮಾತ್ರ ಗೊತ್ತಾಗ್ತದೆ, ಮುಂಚೆ ದೀಪಾವಳಿವರೆಗೂ ಪಿಚಪಿಚ ಅಂತಿದ್ದ ಜಾಗ ಈಗ ನವರಾತ್ರಿಗೇ ಗಟ್ಟಿಯಾಗ್ತದೆ.

ನಿಮ್ಮ ಜಾಗ ಪೂರ್ತಿ ನೆರಳಾಗಿದ್ರೆ, ವರ್ಷವಿಡೀ ಮನೇಲಿ ಜನ ಇದ್ದು ನೀರು ಹರೀತಾ ಇದ್ರೆ ಬಜೆ ಒಂದೇ ಸಾಕಾಗಬಹುದು. ನನ್ನ ಥರ ಬಿಸಿಲು ಬೀಳೋ ಜಾಗ, ಸಾವಿರ ರೂಪಾಯಿ ಬಜೆಟ್, ವಾರಕ್ಕೆ ಒಂದು ಗಂಟೆನೂ ಅಲ್ಲಿ ನಿಲ್ಲೋಕೆ ಪುರಸೊತ್ತಿಲ್ಲ ಅನ್ನೋರು ಲಾವಂಚ ಹಾಕಿ. ಬೇರಿಗೆ ಒಳ್ಳೆ ರೇಟಿದೆ ಅಂತ ಯಾರಾದ್ರೂ ಕೀಳೋಕೆ ಕೇಳ್ಕೊಂಡು ಬರ್ತಾರೆ, ನಮ್ಮನೆಗೂ ಒಬ್ರು ಬಂದಿದ್ರು, ಕೊಡಲಿಲ್ಲ. ಕಿತ್ತ ಬಾಳೆ ಕಂದನ್ನ ಬಚ್ಚಲು ಚರಂಡಿ ಪಕ್ಕ ನೆಟ್ಟಿದೀನಿ, ಅಲ್ಲಿ ನೆಲದಡಿ ಪೈಪಿಲ್ಲ, ಹೋದ ತಿಂಗಳು ಮೊದಲ ಗೊನೆ ಹಾಕಿದೆ.